ಒಂದು ಚಮಚ ಪುಡಿ, ಒಂದು ಬಿಪಿ ಮಾತ್ರೆ: ಲ್ಯಾಬ್ ಲೆಕ್ಕ ಏನು ಹೇಳುತ್ತೆ?

ಕಳೆದ ರಜೆ ಮುಗಿಸಿ ಊರಿಂದ ವಾಪಸ್ ಬಂದ ನಮ್ಮ ಬಳಗದ ಗೆಳೆಯನೊಬ್ಬ ಹಾಸ್ಟೆಲ್ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟ. ಒಳಗೆ ಹಸಿರು ಬಣ್ಣದ ಎಲೆಪುಡಿ. ಮೇಲಿನ ಚೀಟಿಯಲ್ಲಿ ‘ಪೊಟ್ಯಾಸಿಯಂ, ಮೆಗ್ನೀಸಿಯಂ ಸಮೃದ್ಧ, ಬಿಪಿ, ಲಕ್ವ ದೂರ’ ಅಂತ ಬರೆದಿತ್ತು. ಅವನ ತಾತ ಎಂಟು ವರ್ಷದಿಂದ ತಗೊಳ್ತಿದ್ದ ಬಿಪಿ ಮಾತ್ರೆ ಬಿಟ್ಟು ಈ ಪುಡಿ ಶುರು ಮಾಡಿದ್ದರಂತೆ. “ಮೈ ಹಗುರಾಗಿದೆ ಕಣೋ, ಇನ್ನು ಮಾತ್ರೆ ಯಾಕೆ” ಅಂದಿದ್ದರಂತೆ. ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಕೈಯಿಂದ ಜಾರಿತು, ಮಾತು ತೊದಲಿತು. ಗ್ಯಾಸ್ ಇರಬೇಕು ಅಂತ ಮನೆಯವರು ಎಣ್ಣೆ ತಿಕ್ಕಿ ಮಲಗಿಸಿದರು. ಆಸ್ಪತ್ರೆ ಸೇರುವಾಗ ಸಂಜೆಯಾಗಿತ್ತು. ತಾತ ಉಳಿದರು, ಬಲಗೈ ಮಾತ್ರ ಇನ್ನೂ ಮೇಲೇಳುತ್ತಿಲ್ಲ.

ಗೆಳೆಯ ಕೇಳಿದ ಪ್ರಶ್ನೆ ಒಂದೇ: “ಡಬ್ಬಿ ಮೇಲೆ ಬರೆದಿರೋದು ಸುಳ್ಳಾ?”

ಆ ರಾತ್ರಿ ನಾವು ನಾಲ್ಕು ಜನ ಕೂತು ಓದಲು ಶುರು ಮಾಡಿದೆವು. ಸಿಕ್ಕ ಉತ್ತರ ಸ್ವಲ್ಪ ವಿಚಿತ್ರ. ಚೀಟಿಯ ಮೊದಲ ಅರ್ಧ ನಿಜವೇ ಇರಬಹುದು. ಆದರೆ ಅದು ನಿಜವಾದ ಮಾತ್ರಕ್ಕೆ ಎರಡನೆಯ ಅರ್ಧ ನಿಜವಾಗೋದಿಲ್ಲ. ಈ ಎರಡರ ನಡುವೆ ಎಷ್ಟು ದೂರ ಇದೆ ಅನ್ನೋದನ್ನ ನಮ್ಮ ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬ್‌ನ ಲೆಕ್ಕದಿಂದಲೇ ಅಳೆಯಬಹುದು. ಬನ್ನಿ, ಹೆಜ್ಜೆ ಹೆಜ್ಜೆಯಾಗಿ ನೋಡೋಣ.

1. ಸ್ಟ್ರೋಕ್ ಅಂದ್ರೆ ಪೈಪಿನ ಸಮಸ್ಯೆ

ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೂ ಸ್ಟ್ರೋಕ್, ಒಡೆದರೂ ಸ್ಟ್ರೋಕ್. ಕನ್ನಡದಲ್ಲಿ ಪಾರ್ಶ್ವವಾಯು ಅಂತೀವಿ, ಊರಲ್ಲಿ ಲಕ್ವ ಹೊಡೀತು ಅಂತಾರೆ. ಹೆಚ್ಚಿನವು ಕಟ್ಟಿಕೊಳ್ಳುವ ಬಗೆಯವು. ರಕ್ತ ನಿಂತ ಜಾಗದಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅನ್ನೋದು 2006ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಂದಾಜು.

ಬಿಪಿಗೂ ಇದಕ್ಕೂ ಏನು ಸಂಬಂಧ? ಸ್ಟ್ರೆಂಗ್ತ್ ಆಫ್ ಮೆಟೀರಿಯಲ್ಸ್ ಓದಿದವರಿಗೆ ಹೂಪ್ ಸ್ಟ್ರೆಸ್ ನೆನಪಿರಬೇಕು: ಒಳಗಿನ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ, ಗೋಡೆಯ ದಪ್ಪದಿಂದ ಭಾಗಿಸಿ. ಒತ್ತಡ ಏರಿದಷ್ಟೂ ಗೋಡೆಯ ಮೇಲಿನ ಎಳೆತ ಏರುತ್ತೆ. ಜೊತೆಗೆ ಫೆಟೀಗ್ ಕೂಡ ಇದೆ. ನಿಮಿಷಕ್ಕೆ 70 ಬಡಿತ ಅಂದ್ರೆ ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸಲ ಈ ಹೊಡೆತ ಬೀಳುತ್ತೆ. ಮೆದುಳಿನ ಆಳಕ್ಕೆ ಹೋಗುವ ಸಣ್ಣ ನಾಳಗಳು ದೊಡ್ಡ ನಾಳಗಳಿಂದ ನೇರವಾಗಿ ಕವಲೊಡೆಯುವುದರಿಂದ ಹೆಚ್ಚಿನ ಒತ್ತಡ ಅವಕ್ಕೂ ತಟ್ಟುತ್ತೆ. ವರ್ಷಗಟ್ಟಲೆ ಪೆಟ್ಟು ತಿಂದ ಗೋಡೆ ದಪ್ಪಗಾಗಿ ಕಟ್ಟಿಕೊಳ್ಳಬಹುದು, ದುರ್ಬಲವಾಗಿ ಒಡೆಯಲೂಬಹುದು. ನಾಳ ಮೆಟಲ್ ಪೈಪ್ ಅಲ್ಲ, ಜೀವಂತ ಅಂಗಾಂಶ. ಆದ್ದರಿಂದ ಈ ಸೂತ್ರ ಬರೀ ಒಂದು ಹೋಲಿಕೆ. ಆದರೂ ದಿಕ್ಕು ಸರಿ ಇದೆ.

ಇದರಲ್ಲಿ ಮೋಸದ ಭಾಗ ಅಂದ್ರೆ, ಒತ್ತಡ ಏರಿದ್ದು ಸಾಮಾನ್ಯವಾಗಿ ಗೊತ್ತೇ ಆಗಲ್ಲ. ತಲೆನೋವಿಲ್ಲ, ಸುಸ್ತಿಲ್ಲ. ಹಾಗಾಗಿ ‘ಮೈ ಹಗುರಾಗಿದೆ’ ಅನ್ನೋದು ಬಿಪಿ ರೀಡಿಂಗ್ ಅಲ್ಲ.

2. ಅಪಾಯದ ಪಟ್ಟಿ ಎಲ್ಲಿಂದ ಬಂತು?

ಸ್ಟ್ರೋಕ್‌ಗೆ ಕಾರಣ ಹುಡುಕಿದ ಅಧ್ಯಯನಗಳಲ್ಲಿ ಇಂಟರ್‌ಸ್ಟ್ರೋಕ್ ಒಂದು ದೊಡ್ಡ ಹೆಸರು. ಮೊದಲ ಹಂತದ ಫಲಿತಾಂಶ 2010ರಲ್ಲಿ, ಪೂರ್ಣ ಫಲಿತಾಂಶ 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 32 ದೇಶಗಳು, ಸ್ಟ್ರೋಕ್ ಆದ 13,447 ಜನ, ಆಗದ 13,472 ಜನ. ಭಾರತವೂ ಇತ್ತು, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರೂ ಇದ್ದರು.

ವಿಧಾನ ಸರಳ. ಸ್ಟ್ರೋಕ್ ಆದವರನ್ನೂ, ವಯಸ್ಸು ಮತ್ತು ಲಿಂಗದಲ್ಲಿ ಅವರಿಗೆ ಹೊಂದುವ, ಸ್ಟ್ರೋಕ್ ಆಗದವರನ್ನೂ ಹೋಲಿಸಿ, ಯಾವ ಅಂಶ ಮೊದಲ ಗುಂಪಿನಲ್ಲಿ ಹೆಚ್ಚಿದೆ ಅಂತ ನೋಡೋದು. ಹೊರಬಂದ ಹತ್ತು ಅಂಶಗಳು ಮತ್ತು ಒಟ್ಟು ಸ್ಟ್ರೋಕ್‌ಗಳಲ್ಲಿ ಅವುಗಳ ಪಾಲು ಹೀಗಿವೆ:

- ಹೆಚ್ಚಿನ ರಕ್ತದೊತ್ತಡ: 47.9%
- ದೈಹಿಕ ಚಟುವಟಿಕೆ ಇಲ್ಲದಿರುವುದು: 35.8%
- ರಕ್ತದ ಕೊಬ್ಬಿನ ಅಸಮತೋಲನ: 26.8%
- ಆಹಾರ ಕ್ರಮ: 23.2%
- ಸೊಂಟದ ಸುತ್ತ ಬೊಜ್ಜು: 18.6%
- ಮಾನಸಿಕ ಒತ್ತಡ ಮುಂತಾದವು: 17.4%
- ಧೂಮಪಾನ: 12.4%
- ಹೃದಯದ ತೊಂದರೆ: 9.1%
- ಮದ್ಯ: 5.8%
- ಸಕ್ಕರೆ ಕಾಯಿಲೆ: 3.9%

ಕೂಡಿ ನೋಡಿದರೆ ಸುಮಾರು 200 ಬರುತ್ತೆ! ತಪ್ಪಲ್ಲ. ಬಿಪಿ, ಬೊಜ್ಜು, ಓಡಾಟ ಇಲ್ಲದ ಜೀವನ, ಇವೆಲ್ಲ ಒಬ್ಬರಲ್ಲೇ ಇರಬಹುದು. ಪಾಲುಗಳು ಒಂದರ ಮೇಲೊಂದು ಬೀಳುತ್ತವೆ. ಅದನ್ನು ಸರಿಪಡಿಸಿ ಲೆಕ್ಕ ಹಾಕಿದರೆ ಹತ್ತೂ ಸೇರಿ ಸುಮಾರು 90%. ಅಂದ್ರೆ ಸ್ಟ್ರೋಕ್ ಬಹುಮಟ್ಟಿಗೆ ಹಣೆಬರಹ ಅಲ್ಲ. ಹೆಚ್ಚಿನವನ್ನ ಬದಲಿಸಬಹುದು. ಪಟ್ಟಿಯ ತುದಿಯಲ್ಲಿರೋದು ಬಿಪಿ. ತಾತ ಬಿಟ್ಟದ್ದು ಅದರ ಮಾತ್ರೆಯನ್ನೇ.

3. ಎಲೆಯಲ್ಲಿರೋ ಖನಿಜ ಅಳೆಯೋದು ಹೇಗೆ?

ಈಗ ಡಬ್ಬಿಗೆ ಬರೋಣ. ಔಷಧೀಯ ಗಿಡಗಳಲ್ಲಿ ಎಷ್ಟು ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಇದೆ ಅಂತ ಅಳೆದ ಪ್ರಬಂಧಗಳು ಬೇಕಾದಷ್ಟಿವೆ. ಅವರು ಮಾಡೋ ಕೆಲಸ ನಮಗೆ ಅಪರಿಚಿತ ಅಲ್ಲ.

ಎಲೆಯನ್ನು ತೊಳೆದು, ಒಣಗಿಸಿ, ಪುಡಿ ಮಾಡಿ, 1 ಗ್ರಾಂ ತೂಗಿ ಕ್ರೂಸಿಬಲ್‌ಗೆ ಹಾಕ್ತಾರೆ. ಮಫಲ್ ಫರ್ನೇಸ್‌ನಲ್ಲಿ ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಸುಡ್ತಾರೆ. ಸಾವಯವ ಭಾಗವೆಲ್ಲ ಸುಟ್ಟುಹೋಗಿ ಬೂದಿ ಉಳಿಯುತ್ತೆ. ಬೂದಿಯನ್ನು ತೆಳು ಮಾಡಿದ ಆಮ್ಲದಲ್ಲಿ ಕರಗಿಸಿ, ಸ್ಟ್ಯಾಂಡರ್ಡ್ ಫ್ಲಾಸ್ಕ್‌ನಲ್ಲಿ 100 ಮಿಲಿಲೀಟರ್‌ಗೆ ತರ್ತಾರೆ. ಆಮೇಲೆ ನಮ್ಮ ಹಳೇ ಸ್ನೇಹಿತ ಫ್ಲೇಮ್ ಫೋಟೋಮೀಟರ್. ಜ್ವಾಲೆಯಲ್ಲಿ ಸೋಡಿಯಂ 589 ನ್ಯಾನೋಮೀಟರ್‌ನಲ್ಲಿ, ಪೊಟ್ಯಾಸಿಯಂ ಸುಮಾರು 766 ನ್ಯಾನೋಮೀಟರ್‌ನಲ್ಲಿ ಬೆಳಕು ಸೂಸುತ್ತೆ. ಬೆಳಕಿನ ತೀವ್ರತೆಯನ್ನು ಕ್ಯಾಲಿಬ್ರೇಷನ್ ಗ್ರಾಫ್ ಮೇಲಿಟ್ಟರೆ ಸಾಂದ್ರತೆ ಸಿಗುತ್ತೆ. ಕಬ್ಬಿಣ, ಸತು, ಸೀಸದಂಥವಕ್ಕೆ ಅಟಾಮಿಕ್ ಅಬ್ಸಾರ್ಪ್ಷನ್ ಉಪಕರಣ ಬಳಸ್ತಾರೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ನೀರಿನ ಗಡಸುತನ ಅಳೆದ ಇಡಿಟಿಎ ಟೈಟ್ರೇಷನ್ ಕೂಡ ಸಾಕು.

ಒಂದು ಮಾದರಿ ಲೆಕ್ಕ ಮಾಡೋಣ (ಸಂಖ್ಯೆ ನಾವೇ ಹಿಡಿದದ್ದು). ದ್ರಾವಣವನ್ನು 10 ಪಟ್ಟು ತೆಳು ಮಾಡಿದ ಮೇಲೆ ರೀಡಿಂಗ್ 15 ಪಿಪಿಎಂ ಬಂತು ಅಂದುಕೊಳ್ಳಿ. ಮೂಲ ದ್ರಾವಣ 150 ಪಿಪಿಎಂ, ಅಂದ್ರೆ ಲೀಟರಿಗೆ 150 ಮಿಲಿಗ್ರಾಂ. 100 ಮಿಲಿಲೀಟರ್‌ನಲ್ಲಿ 15 ಮಿಲಿಗ್ರಾಂ. ಇದು 1 ಗ್ರಾಂ ಪುಡಿಯಿಂದ ಬಂದದ್ದು. ಹಾಗಾಗಿ ಪೊಟ್ಯಾಸಿಯಂ 1.5%.

ಎರಡು ವಿಷಯ ಗಮನಿಸಿ. ಒಂದು, ಈ ಸಂಖ್ಯೆ ಆ ಗಿಡದ ಶಾಶ್ವತ ಗುಣ ಅಲ್ಲ. ಮಣ್ಣು, ಗೊಬ್ಬರ, ಋತು, ಎಲೆ ಎಳೆಯದೋ ಬಲಿತದ್ದೋ ಅನ್ನೋದರ ಮೇಲೆ ಬದಲಾಗುತ್ತೆ. ಎರಡು, ನಾವು ಅಳೆದದ್ದು ಬೂದಿಯನ್ನ. ಸುಟ್ಟುಹೋದ ಭಾಗದಲ್ಲಿ ಏನಿತ್ತು ಅಂತ ಬೂದಿ ಹೇಳಲ್ಲ. ಈ ಎರಡನೆಯ ಮಾತಿಗೆ ಮತ್ತೆ ಬರ್ತೀವಿ.

4. ಚಮಚದ ಲೆಕ್ಕ

ಪೊಟ್ಯಾಸಿಯಂ ಬಿಪಿ ಇಳಿಸಲು ನೆರವಾಗುತ್ತೆ ಅನ್ನೋದು ನಿಜ. ಮೂತ್ರಪಿಂಡ ಹೆಚ್ಚು ಸೋಡಿಯಂ ಹೊರಹಾಕುತ್ತೆ, ರಕ್ತನಾಳದ ಗೋಡೆ ಸಡಿಲಾಗುತ್ತೆ. ವಯಸ್ಕರು ದಿನಕ್ಕೆ ಕನಿಷ್ಠ 3,510 ಮಿಲಿಗ್ರಾಂ ಪೊಟ್ಯಾಸಿಯಂ ತಿನ್ನಬೇಕು, ಉಪ್ಪು 5 ಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ನುಗ್ಗೆ ಎಲೆಪುಡಿಯ ಬಗ್ಗೆ ‘ಬಾಳೆಹಣ್ಣಿನ 15 ಪಟ್ಟು ಪೊಟ್ಯಾಸಿಯಂ’ ಅನ್ನೋ ಸಾಲನ್ನು ನೀವೂ ನೋಡಿರಬಹುದು. ವಾದಕ್ಕೆ ಪೂರ್ತಿ ಒಪ್ಪಿಕೊಳ್ಳೋಣ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 358 ಮಿಲಿಗ್ರಾಂ. ಅದರ 15 ಪಟ್ಟು 5,370 ಮಿಲಿಗ್ರಾಂ, 100 ಗ್ರಾಂ ಪುಡಿಯಲ್ಲಿ. ಆದರೆ ಯಾರು 100 ಗ್ರಾಂ ಪುಡಿ ತಿಂತಾರೆ? ಒಂದು ಚಮಚ ಅಂದ್ರೆ ಸುಮಾರು 3 ಗ್ರಾಂ. ಸಿಗೋದು 161 ಮಿಲಿಗ್ರಾಂ. ದಿನದ ಅಗತ್ಯದ 5% ಕೂಡ ಇಲ್ಲ. ಅರ್ಧ ಬಾಳೆಹಣ್ಣಿಗಿಂತ ಕಡಿಮೆ!

ಇಲ್ಲಿ ಆದ ಜಾದೂ ಏನು? ಒಣ ಪದಾರ್ಥವನ್ನು ಹಸಿ ಪದಾರ್ಥದ ಜೊತೆ ಹೋಲಿಸಿದ್ದು. ಬಾಳೆಹಣ್ಣಿನಲ್ಲಿ ಮುಕ್ಕಾಲು ಪಾಲು ನೀರು. ಡ್ರೈ ಬೇಸಿಸ್, ವೆಟ್ ಬೇಸಿಸ್ ಬೆರೆಸಬೇಡಿ ಅಂತ ಮೇಷ್ಟ್ರು ಹೇಳಿದ್ದು ಇದಕ್ಕೇ. ಜೊತೆಗೆ, ಗಿಡದಲ್ಲಿರೋದೆಲ್ಲ ಮೈಗೆ ಸೇರೋದೂ ಇಲ್ಲ. ಪೊಟ್ಯಾಸಿಯಂ ನೀರಲ್ಲಿ ಸುಲಭವಾಗಿ ಕರಗುತ್ತೆ ನಿಜ. ಆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣವನ್ನು ಎಲೆಯಲ್ಲಿರೋ ಆಕ್ಸಲೇಟ್, ಫೈಟೇಟ್‌ಗಳು ಹಿಡಿದಿಟ್ಟುಕೊಳ್ಳಬಹುದು.

ನುಗ್ಗೆ ಸೊಪ್ಪಿನ ಮೇಲೆ ನಮಗೇನೂ ಕೋಪ ಇಲ್ಲ. ಅಮ್ಮ ಮಾಡೋ ನುಗ್ಗೆ ಸೊಪ್ಪಿನ ಪಲ್ಯವನ್ನು ತಟ್ಟೆ ತುಂಬ ತಿಂದರೆ ಚಮಚ ಪುಡಿಗಿಂತ ಹೆಚ್ಚೇ ಸಿಗುತ್ತೆ. ಅದು ಊಟವಾಗಿ ಒಳ್ಳೇದು. ಮಾತ್ರೆಯ ಜಾಗಕ್ಕೆ ಕೂರಿಸಿದಾಗ ಮಾತ್ರ ಲೆಕ್ಕ ತಪ್ಪುತ್ತೆ.

5. ಹಾಗಾದ್ರೆ ಖನಿಜದಿಂದ ಸ್ಟ್ರೋಕ್ ತಡೆಯೋಕೆ ಆಗಲ್ವಾ?

ಆಗುತ್ತೆ, ಮತ್ತು ಅದಕ್ಕೆ ಗಟ್ಟಿ ಸಾಕ್ಷಿ ಇದೆ. ಚೀನಾದ 600 ಹಳ್ಳಿಗಳಲ್ಲಿ 20,995 ಜನರ ಮೇಲೆ ಒಂದು ಪ್ರಯೋಗ ನಡೀತು. ಅವರೆಲ್ಲ ಹಿಂದೆ ಸ್ಟ್ರೋಕ್ ಆದವರು, ಇಲ್ಲವೇ 60 ದಾಟಿದ ಬಿಪಿ ರೋಗಿಗಳು. ಅರ್ಧ ಹಳ್ಳಿಗಳಿಗೆ ಮಾಮೂಲಿ ಉಪ್ಪು. ಉಳಿದ ಅರ್ಧಕ್ಕೆ 75% ಸೋಡಿಯಂ ಕ್ಲೋರೈಡ್, 25% ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು. ಯಾವ ಹಳ್ಳಿಗೆ ಯಾವುದು ಅನ್ನೋದನ್ನ ಚೀಟಿ ಎತ್ತಿದ ಹಾಗೆ ಯಾದೃಚ್ಛಿಕವಾಗಿ ನಿರ್ಧರಿಸಿದ್ದರು. ಸುಮಾರು ಐದು ವರ್ಷ ನೋಡಿದರು. 2021ರಲ್ಲಿ ಫಲಿತಾಂಶ ಬಂತು: ಮಾಮೂಲಿ ಉಪ್ಪಿನ ಕಡೆ ವರ್ಷಕ್ಕೆ 1000 ಜನರಲ್ಲಿ ಸುಮಾರು 34 ಸ್ಟ್ರೋಕ್, ಬದಲಿ ಉಪ್ಪಿನ ಕಡೆ 29. ಅಂದ್ರೆ 14% ಇಳಿಕೆ.

ಪ್ರಮಾಣ ನೋಡಿ. ಪೊಟ್ಯಾಸಿಯಂ ಕ್ಲೋರೈಡ್‌ನ ತೂಕದಲ್ಲಿ ಸುಮಾರು 52% ಪೊಟ್ಯಾಸಿಯಂ. ಒಬ್ಬರು ದಿನಕ್ಕೆ ಇಂಥ ಉಪ್ಪು 8 ಗ್ರಾಂ ತಿಂದರೆ ಸಿಗೋದು ಸುಮಾರು 1,050 ಮಿಲಿಗ್ರಾಂ. ನಮ್ಮ ಉದಾರ ಚಮಚದ ಆರು ಪಟ್ಟಿಗಿಂತ ಹೆಚ್ಚು. ಜೊತೆಗೆ ಸೋಡಿಯಂ ಕೂಡ ಕಾಲು ಭಾಗ ಕಡಿಮೆಯಾಯ್ತು. ಇಷ್ಟು ದೊಡ್ಡ ಬದಲಾವಣೆಗೆ, ಐದು ವರ್ಷಕ್ಕೆ, ಬಂದ ಲಾಭ 14%. ಅದು ಸಣ್ಣದಲ್ಲ. ಆದರೆ ಚಮಚ ಪುಡಿಯಿಂದ ‘ಲಕ್ವ ದೂರ’ ಅನ್ನೋರು ಯಾವ ಅಳತೆಗೋಲಿನ ಮುಂದೆ ನಿಲ್ಲಬೇಕು ಅಂತ ಇದು ತೋರಿಸುತ್ತೆ.

ಎಚ್ಚರಿಕೆಯ ಮಾತು: ಮೂತ್ರಪಿಂಡದ ಕಾಯಿಲೆ ಇರುವವರಿಗೆ, ಕೆಲವು ಬಗೆಯ ಬಿಪಿ ಮಾತ್ರೆ ತಗೊಳ್ಳುವವರಿಗೆ ಹೆಚ್ಚುವರಿ ಪೊಟ್ಯಾಸಿಯಂ ಹೃದಯ ಬಡಿತವನ್ನೇ ಕೆಡಿಸಬಹುದು. ಡಾಕ್ಟರನ್ನು ಕೇಳದೆ ಉಪ್ಪು ಬದಲಿಸಬೇಡಿ.

6. ಗಿಡ ನಿಜವಾಗಿ ಗೆದ್ದ ಕಥೆ

‘ನೀವು ಗಿಡಮೂಲಿಕೆಗೆ ವಿರೋಧಿಗಳು’ ಅಂತ ಯಾರಾದ್ರೂ ಹೇಳುವ ಮೊದಲು ಸರ್ಪಗಂಧದ ಕಥೆ ಹೇಳಿಬಿಡ್ತೀವಿ.

ಸರ್ಪಗಂಧದ ಬೇರು ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿತ್ತು. 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅವರು 50 ಬಿಪಿ ರೋಗಿಗಳಿಗೆ ಇದನ್ನು ಕೊಟ್ಟು, ಒತ್ತಡ ಅಳೆದು, ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಆ ಬೇರಿನಿಂದ ರೆಸರ್ಪಿನ್ ಅನ್ನೋ ಆಲ್ಕಲಾಯ್ಡ್ ಬೇರ್ಪಡಿಸಿದರು. ಮುಂದೆ ಅಮೆರಿಕದ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ಅವರ ನೇತೃತ್ವದಲ್ಲಿ ಒಂದು ಪ್ರಯೋಗ ನಡೀತು. ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ನೋಡಲು ಹಾಗೇ ಇರೋ ಸುಳ್ಳು ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಕೊಟ್ಟ ಮೂರು ಔಷಧಿಗಳಲ್ಲಿ ಒಂದು ರೆಸರ್ಪಿನ್. 1970ರಲ್ಲಿ ಪ್ರಕಟವಾದ ಭಾಗದಲ್ಲಿ 380 ಜನ ಇದ್ದರು. ಸುಳ್ಳು ಮಾತ್ರೆಯ ಗುಂಪಿನಲ್ಲಿ 20 ಸ್ಟ್ರೋಕ್, ಔಷಧಿಯ ಗುಂಪಿನಲ್ಲಿ 5.

ಬಿಪಿ ಇಳಿಸಿದರೆ ಸ್ಟ್ರೋಕ್ ತಪ್ಪುತ್ತೆ ಅಂತ ಜಗತ್ತಿಗೆ ತೋರಿಸಿಕೊಟ್ಟ ಮೊದಮೊದಲ ಪ್ರಯೋಗಗಳಲ್ಲಿ ನಮ್ಮ ಗಿಡದ ಪಾಲೂ ಇದೆ!

ಈಗ ಬೂದಿಯ ಮಾತಿಗೆ ಬರೋಣ. ರೆಸರ್ಪಿನ್‌ನ ದಿನದ ಪ್ರಮಾಣ ಕಾಲು ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ. ಅದು ಖನಿಜ ಅಲ್ಲ, ಸಾವಯವ ಅಣು. ಸರ್ಪಗಂಧದ ಬೇರನ್ನು ಮಫಲ್ ಫರ್ನೇಸ್‌ಗೆ ಹಾಕಿ ಖನಿಜ ಅಳೆದಿದ್ದರೆ, ಕೆಲಸ ಮಾಡುವ ಪದಾರ್ಥವನ್ನೇ ಸುಟ್ಟು, ಉಳಿದದ್ದರ ಪಟ್ಟಿ ಬರೆದಂತೆ ಆಗ್ತಿತ್ತು. ಗಿಡದ ಔಷಧ ಗುಣವನ್ನು ಅದರ ಖನಿಜದ ಕೋಷ್ಟಕದಿಂದ ಓದೋಕೆ ಹೋಗಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನಮಗೆ ಸಿಗಲಿಲ್ಲ.

ರೆಸರ್ಪಿನ್‌ಗೆ ಅಡ್ಡಪರಿಣಾಮಗಳೂ ಇದ್ದವು. ಮೂಗು ಕಟ್ಟುವುದು, ಮಂಕು, ಕೆಲವರಲ್ಲಿ ಖಿನ್ನತೆ ಕಂಡುಬಂತು. ಉತ್ತಮ ಮಾತ್ರೆಗಳು ಬಂದಂತೆ ಅದರ ಬಳಕೆ ಕಡಿಮೆಯಾಯ್ತು. ಗಿಡದಿಂದ ಬಂದದ್ದು ಅಂದ್ರೆ ಅಪಾಯ ಇಲ್ಲ ಅಂತ ಅಲ್ಲ.

7. ಅದೇ ಉಪಕರಣ ಹೇಳುವ ಇನ್ನೊಂದು ಸುದ್ದಿ

ಖನಿಜ ಅಳೆಯೋದು ವ್ಯರ್ಥವಾ ಹಾಗಾದ್ರೆ? ಖಂಡಿತ ಅಲ್ಲ. ಅದರ ದೊಡ್ಡ ಉಪಯೋಗ ಇರೋದು ಬೇಡದ ಲೋಹಗಳನ್ನು ಹಿಡಿಯೋದರಲ್ಲಿ. ಗಿಡಕ್ಕೆ ಪೊಟ್ಯಾಸಿಯಂ ಎಳೆದುಕೊಳ್ಳೋದು ಗೊತ್ತಿರೋ ಹಾಗೆ, ಮಣ್ಣಿನಲ್ಲಿ ಕ್ಯಾಡ್ಮಿಯಂ ಇದ್ದರೆ ಅದನ್ನೂ ಎಳೆದುಕೊಳ್ಳುತ್ತೆ. ಸೀಸದಂಥವು ಧೂಳಿನಿಂದ, ತಯಾರಿಕೆಯ ಹಂತದಲ್ಲೂ ಸೇರಬಹುದು. 2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಮುತ್ತಲಿನ ಅಂಗಡಿಗಳಿಂದ ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಮೂಲಿಕೆ ಔಷಧಿಗಳನ್ನು ತಂದು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ ಸ್ವತಃ ಬಿಪಿ ಏರಿಸುವ ಲೋಹ! ಹಾಗಾಗಿಯೇ ನಮ್ಮಲ್ಲಿ ಇಂಥ ಪುಡಿಗಳಿಗೆ ಮಿತಿ ಇದೆ: ಸೀಸ 10 ಪಿಪಿಎಂ, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3.

ಲೋಹ ಇಲ್ಲದೆಯೂ ಉಲ್ಟಾ ಹೊಡೆಯುವ ಮೂಲಿಕೆ ಇದೆ. ಕೆಮ್ಮಿಗೆ ಬಳಸೋ ಅತಿಮಧುರ (ಜ್ಯೇಷ್ಠಮಧು) ದಿನವೂ ಹೆಚ್ಚಾಗಿ ತಿಂದರೆ ದೇಹದಲ್ಲಿ ಸೋಡಿಯಂ ಉಳಿದು, ಪೊಟ್ಯಾಸಿಯಂ ಹೊರಹೋಗಿ ಬಿಪಿ ಏರುತ್ತೆ. ಅದರ ಬೂದಿಯಲ್ಲಿ ಪೊಟ್ಯಾಸಿಯಂ ಇರುತ್ತೆ. ಕೆಲಸ ಮಾತ್ರ ತದ್ವಿರುದ್ಧ.

8. ಮುಂದಿನ ಸಲ ಇಂಥ ಸುದ್ದಿ ಬಂದಾಗ ಕೇಳಿ

1. ಅಳೆದದ್ದು ಎಲ್ಲಿ? ಬೂದಿಯಲ್ಲಾ, ಕಷಾಯದಲ್ಲಾ, ಇಲಿಯಲ್ಲಾ, ಮನುಷ್ಯರಲ್ಲಾ?
2. ಸಂಖ್ಯೆ ಒಣ ತೂಕಕ್ಕಾ, ಹಸಿ ತೂಕಕ್ಕಾ? ನಾವು ನಿಜವಾಗಿ ತಿನ್ನೋ ಪ್ರಮಾಣಕ್ಕೆ ಎಷ್ಟು ಬರುತ್ತೆ?
3. ಹೋಲಿಸೋಕೆ ಇನ್ನೊಂದು ಗುಂಪು ಇತ್ತಾ?
4. ಕೊನೆಗೆ ಎಣಿಸಿದ್ದು ಏನನ್ನ: ಖನಿಜವನ್ನಾ, ಬಿಪಿಯನ್ನಾ, ಸ್ಟ್ರೋಕ್‌ಗಳನ್ನಾ?
5. ಹಾನಿ ಎಷ್ಟಾಯ್ತು ಅಂತಲೂ ಬರೆದಿದ್ದಾರಾ?

ಗೆಳೆಯನ ಡಬ್ಬಿಗೆ ಈ ಪ್ರಶ್ನೆ ಹಾಕಿದೆವು. ಚೀಟಿಯಲ್ಲಿ ಒಂದಕ್ಕೂ ಉತ್ತರ ಇರಲಿಲ್ಲ.

9. ಈ ವಾರಾಂತ್ಯ ಊರಿಗೆ ಹೋದರೆ

ಜಗತ್ತಿನಲ್ಲಿ ಬಿಪಿ ಇರುವ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ತಮಗೆ ಬಿಪಿ ಇದೆ ಅಂತಲೇ ಗೊತ್ತಿಲ್ಲ. ಹಾಗಾಗಿ ಅಪ್ಪ, ಅಮ್ಮ, ಅಜ್ಜಿ, ತಾತ ಎಲ್ಲರ ಬಿಪಿ ಅಳೆಸಿ. ಅಳೆಯುವ ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಬೇಡ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕೂರಿಸಿ, ತೋಳು ಎದೆಯ ಮಟ್ಟದಲ್ಲಿರಲಿ, ಎರಡು ಸಲ ಅಳೆಯಿರಿ. ಮತ್ತೆ ಮತ್ತೆ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರ್ ಹತ್ತಿರ ಹೋಗಲೇಬೇಕು. ಮಾತ್ರೆ ನುಂಗುತ್ತಿರೋರು ರೀಡಿಂಗ್ ಸರಿಯಾಗಿದೆ ಅಂತ ತಾವೇ ನಿಲ್ಲಿಸಬಾರದು, ಸರಿಯಾಗಿರೋದೇ ಮಾತ್ರೆಯಿಂದ. ಪುಡಿ, ಕಷಾಯ ತಗೊಳ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಲಿ. ಬೈತಾರೆ ಅಂತ ಮುಚ್ಚಿಡೋದು ಬೇಡ.

ಇನ್ನೊಂದನ್ನು ಮನೆಯವರಿಗೆಲ್ಲ ಕಲಿಸಿ. ಇದ್ದಕ್ಕಿದ್ದಂತೆ ಮುಖ ಒಂದು ಕಡೆ ವಾಲಿದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ, ಅದು ಗ್ಯಾಸ್ ಅಲ್ಲ. ಗಡಿಯಾರ ನೋಡಿ ಸಮಯ ಬರೆದುಕೊಳ್ಳಿ, 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಕಟ್ಟಿಕೊಂಡದ್ದೋ ಒಡೆದದ್ದೋ ಅಂತ ಸ್ಕ್ಯಾನ್ ಹೇಳುವವರೆಗೆ ಆಸ್ಪಿರಿನ್ ಕೂಡ ಕೊಡಬೇಡಿ. ಬಾಯಿಗೆ ಕಷಾಯ, ನೀರು ಹಾಕಬೇಡಿ. ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯಬಹುದು. ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾದ್ದು. ಆ ಹೊತ್ತು ಮೀರಿದೆ ಅಂತ ಮನೆಯಲ್ಲೇ ಉಳಿಯಬೇಡಿ. ಕೆಲವರಿಗೆ ಅದಾದ ಮೇಲೂ ಗಡ್ಡೆಯನ್ನು ನೇರವಾಗಿ ಹೊರತೆಗೆಯುವ ಚಿಕಿತ್ಸೆ ಸಾಧ್ಯ.

ತಾತ ಈಗ ಮತ್ತೆ ಮಾತ್ರೆ ತಗೊಳ್ತಿದ್ದಾರೆ. ದಿನಾ ಸಂಜೆ ಎಡಗೈಯಿಂದ ಬಲಗೈ ಹಿಡಿದೆತ್ತಿ ವ್ಯಾಯಾಮ ಮಾಡ್ತಾರಂತೆ. ಆ ಪುಡಿಯಿಂದಲೇ ಸ್ಟ್ರೋಕ್ ಆಯ್ತು ಅಂತ ನಾವು ಹೇಳ್ತಿಲ್ಲ. ಒಬ್ಬರ ಕಥೆಯಿಂದ ಕಾರಣ ಸಾಬೀತಾಗಲ್ಲ ಅಂತ ಇಷ್ಟು ಹೊತ್ತು ಹೇಳಿದವರೇ ನಾವು. ಆದರೆ ಪಟ್ಟಿಯ ತುದಿಯಲ್ಲಿದ್ದ ಅಪಾಯಕ್ಕೆ ಇದ್ದ ಮದ್ದು ಮೂರು ತಿಂಗಳು ನಿಂತಿತ್ತು, ಸಿಗಬಹುದಿದ್ದ ನಾಲ್ಕೂವರೆ ಗಂಟೆ ಎಣ್ಣೆ ತಿಕ್ಕುವುದರಲ್ಲಿ ಕಳೆಯಿತು. ಇವೆರಡನ್ನೂ ನಮ್ಮ ನಿಮ್ಮ ಮನೆಗಳಲ್ಲಿ ತಪ್ಪಿಸಬಹುದು. ಈ ಲೇಖನ ಓದಿ ಒಬ್ಬರಾದರೂ ಇವತ್ತು ಮನೆಗೆ ಫೋನ್ ಮಾಡಿ “ಬಿಪಿ ಮಾತ್ರೆ ತಗೊಂಡ್ರಾ?” ಅಂತ ಕೇಳಿದರೆ ನಮಗೆ ಅಷ್ಟೇ ಸಾಕು.